ಪಾಯದ ಗುಂಡಿಗೆ ಅವಸರ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚೆ ಪಾಯ ಮುಗಿಸಬೇಕು ಅಂತ ಓಡಾಡುತ್ತಿರುವವರು ಬಹಳ ಮಂದಿ ಇದ್ದೀರಿ. ಅದರಲ್ಲೂ ಗದಗ, ವಿಜಯಪುರ, ಬಾಗಲಕೋಟೆ, ಧಾರವಾಡದ ಎರೆಮಣ್ಣಿನ ಸೀಮೆಯವರ ಜೊತೆ ನನಗೆ ಸ್ವಲ್ಪ ಮಾತಾಡುವುದಿದೆ. ಗುದ್ದಲಿ ಪೂಜೆ ಆಗುತ್ತದೆ, ಜೆಸಿಬಿ ಬರುತ್ತದೆ, ಸಂಜೆಯೊಳಗೆ ಗುಂಡಿ ತಯಾರು, ಬೆಳಗಾದರೆ ಕಾಂಕ್ರೀಟು. ಇಷ್ಟು ಅವಸರ ಯಾಕೆ? ಗೋಡೆ ಸೊಟ್ಟಗಾದರೆ ಒಡೆದು ಕಟ್ಟಬಹುದು. ಪಾಯದ ಅಡಿಯ ಮಣ್ಣನ್ನು ಮತ್ತೆ ನೋಡಲು ಸಿಗುವುದಿಲ್ಲ.

ಎರೆಮಣ್ಣಿನ ಗುಣ ರೈತರಿಗೆ ನಾನು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿಕೊಳ್ಳುತ್ತದೆ. ಅದೇ ಉಬ್ಬು ಮನೆಯನ್ನೂ ಎತ್ತುತ್ತದೆ, ಬೇಸಿಗೆ ಬಂತೆಂದರೆ ಇಳಿಸುತ್ತದೆ, ಆದರೆ ಎಲ್ಲ ಮೂಲೆಯನ್ನೂ ಒಂದೇ ಸಮ ಎತ್ತುವುದಿಲ್ಲ ನೋಡಿ, ಹಾಗಾಗಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ಭಾರದ ಕಟ್ಟಡಕ್ಕಿಂತ ಒಂದೇ ಅಂತಸ್ತಿನ ಹಗುರ ಮನೆಗೆ ಈ ಕಾಟ ಜಾಸ್ತಿ. ಚಿಕ್ಕ ಮನೆ ತಾನೆ, ಮಣ್ಣಿನ ಪರೀಕ್ಷೆ ಯಾಕೆ ಅನ್ನುವವರು ಇದನ್ನು ಮರೆಯಬೇಡಿ.

ಮಣ್ಣು ಎಷ್ಟು ಉಬ್ಬುತ್ತದೆ ಅಂತ ತಿಳಿಯಲು ಪ್ರಯೋಗಾಲಯದಲ್ಲಿ ಒಂದು ಸರಳ ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಒಣ ಮಣ್ಣನ್ನು ಸಣ್ಣ ಜರಡಿ ಹಿಡಿದು ಎರಡು ಅಳತೆ ಗಾಜಿನಲ್ಲಿ ಸಮಸಮ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ಎರಡರ ಮಟ್ಟ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪಾಯ ಎಷ್ಟು ಆಳ, ಎಂಥದ್ದು ಅನ್ನುವುದನ್ನು ಇಂಥ ಪರೀಕ್ಷೆ ನೋಡಿದ ಎಂಜಿನಿಯರ್ ಹೇಳಲಿ, ಪಕ್ಕದ ಮನೆಯ ಪಾಯ ನೋಡಿ ಅಳತೆ ಹಾಕಬೇಡಿ.

ಎರೆ ತೆಳುವಾಗಿದ್ದು ಕೆಳಗೆ ಬೇಗ ಗಟ್ಟಿ ಗರಸು ಸಿಕ್ಕರೆ ನಿಮ್ಮ ಪುಣ್ಯ, ಅಲ್ಲಿವರೆಗೂ ತೋಡಿ ಕೂರಿಸಬಹುದು. ಎರೆ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್-ರೀಮ್ಡ್ ಪೈಲ್ ಇದೆ. ನೆಲದೊಳಗೆ ಕೊರೆದು ಹಾಕುವ ಕಾಂಕ್ರೀಟ್ ಕಂಬ ಅದು, ಬುಡದ ಹತ್ತಿರ ಗಡ್ಡೆಯಂತೆ ಅಗಲವಾಗಿರುತ್ತದೆ, ಸಾಮಾನ್ಯವಾಗಿ ಕಂಬದ 2.5 ಪಟ್ಟು. ಆಳ ಎರೆಯಲ್ಲಿ ಕನಿಷ್ಠ 3.5 ಮೀಟರ್ ಇಳಿಸುತ್ತಾರೆ, ಯಾಕಂದರೆ ಅಷ್ಟು ಕೆಳಗೆ ಬೇಸಿಗೆ, ಮಳೆ ಅಂತ ಮಣ್ಣಿನ ತೇವ ಹೆಚ್ಚು ಏರಿಳಿಯುವುದಿಲ್ಲ.

ಇನ್ನು ತೋಡುವ ವಿಚಾರ. ಮೇಲಿನ ಅರ್ಧ ಅಡಿ ಮಣ್ಣು, ಬೇರು, ಕಸ ಎಲ್ಲ ಕೆರೆದು ತೆಗೆಸಿ. ಆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಹಿತ್ತಲಿಗೆ ಬೇಕಾಗುತ್ತದೆ. ಜೆಸಿಬಿಯಿಂದ ಕೊನೆಯ ಅರ್ಧ ಅಡಿ ತೋಡಿಸಬೇಡಿ, ಬಕೆಟ್ಟಿನ ಹಲ್ಲು ತಳವನ್ನು ಸಡಿಲ ಮಾಡುತ್ತದೆ. ಅದನ್ನು ಆಳುಗಳ ಕೈಯಲ್ಲೇ ಸಮ ಮಾಡಿಸಿ. ಎಲ್ಲಾದರೂ ಆಳ ಜಾಸ್ತಿ ಹೋದರೆ ಸಡಿಲ ಮಣ್ಣು ತಳ್ಳಿ ಮುಚ್ಚುವ ಅಭ್ಯಾಸ ಇದೆ, ಅದನ್ನು ಒಪ್ಪಲೇಬೇಡಿ, ಅಲ್ಲಿ ಕಾಂಕ್ರೀಟೇ ತುಂಬಬೇಕು.

ಆಮೇಲೆ ಹಾರೆ ಹಿಡಿದು ತಳದ ಉದ್ದಕ್ಕೂ ಕುಟ್ಟಿಸಿ ನೋಡಿ. ಸದ್ದು ಬದಲಾದರೆ, ಹಾರೆ ಸರಕ್ಕನೆ ಇಳಿದರೆ, ಅಲ್ಲೇ ನಿಲ್ಲಿಸಿ. ಹಳೇ ಊರಿನ ಜಾಗದಲ್ಲಿ ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಹಗೇವು ಮುಚ್ಚಿಹೋಗಿರಬಹುದು, ಹಾಳು ಬಾವಿ ಇರಬಹುದು. ಊರಿನ ಹಿರಿಯರನ್ನು ಮೊದಲೇ ಕೇಳಿಬಿಡಿ, ಅಜ್ಜ, ಇಲ್ಲಿ ಹಗೇವು ಇತ್ತೇನ್ರಿ ಅಂತ. ತಳ ನೋಡಿ ಒಪ್ಪಿದ ಮೇಲೆ ತಡ ಬೇಡ, ಬೆಡ್ ಕಾಂಕ್ರೀಟ್, ಅಂದರೆ ತಳಕ್ಕೆ ಹಾಸುವ ಮೊದಲ ಕಾಂಕ್ರೀಟ್ ಪದರ, ಹಾಕಿಸಿ. ತೆರೆದು ಬಿಟ್ಟ ಗುಂಡಿಗೆ ಒಂದು ಮಳೆ ಬಿದ್ದರೂ ತಳ ಮೆತ್ತಗಾಗಿಬಿಡುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಗುಂಡಿಯೊಳಗೆ ಇಳಿಯುವ ಆಳುಗಳದ್ದು. ಒಂದು ಘನ ಮೀಟರ್ ಮಣ್ಣು 1.5 ಟನ್ನಿಗೂ ಜಾಸ್ತಿ ತೂಗುತ್ತದೆ. ಎದೆ ಮಟ್ಟ ಕುಸಿದರೂ ಉಸಿರಾಡಲು ಆಗುವುದಿಲ್ಲ. 1.5 ಮೀಟರಿಗಿಂತ ಆಳ ಹೋದರೆ ಬದಿಗಳನ್ನು ಇಳಿಜಾರಾಗಿ ಕತ್ತರಿಸಬೇಕು, ಇಲ್ಲವೇ ಹಲಗೆ ಕೊಟ್ಟು ಆನಿಸಬೇಕು. ಇದಕ್ಕೆ ಜಾಗ ಹೋಗುತ್ತದೆ, ದುಡ್ಡು ಹೋಗುತ್ತದೆ, ಗುತ್ತಿಗೆದಾರರು ಬೇಡ ಅನ್ನುತ್ತಾರೆ. ಮನೆ ನಿಮ್ಮದು, ನೀವು ಬೇಕು ಅನ್ನಿ. ತೋಡಿದ ಮಣ್ಣನ್ನು ಅಂಚಿಗೇ ಸುರಿಯಲು ಬಿಡಬೇಡಿ, 1.5 ಮೀಟರ್ ಆದರೂ ದೂರ ಇರಲಿ. ಟ್ರ್ಯಾಕ್ಟರನ್ನೂ ಅಂಚಿಗೆ ತರಿಸಬೇಡಿ. ಹತ್ತಿ ಇಳಿಯಲು ಏಣಿ ಇರಲಿ. ಪಕ್ಕದ ಮನೆಯ ಗೋಡೆ ಹತ್ತಿರದಲ್ಲಿದ್ದರೆ ಒಂದೇ ಸಲ ಉದ್ದಕ್ಕೂ ತೋಡದೆ ತುಂಡು ತುಂಡಾಗಿ ತೋಡಿ, ಕಟ್ಟಿ, ಮುಂದೆ ಹೋಗಿ. ರಾತ್ರಿ ಮಳೆಯಾಗಿದ್ದರೆ ಬೆಳಗ್ಗೆ ಯಾರೂ ಇಳಿಯುವ ಮೊದಲು ಮೇಸ್ತ್ರಿಯ ಜೊತೆ ಅಂಚಿನ ಸುತ್ತ ಒಮ್ಮೆ ನಡೆಯಿರಿ. ಅಂಚಿನುದ್ದಕ್ಕೆ ಕೂದಲೆಳೆಯಷ್ಟು ಬಿರುಕು ಕಂಡರೂ ಆ ದಿನ ಗುಂಡಿಗೆ ಯಾರನ್ನೂ ಇಳಿಸಬೇಡಿ, ಕೂಲಿ ಕೊಟ್ಟು ಬೇರೆ ಕೆಲಸ ಹೇಳಿ. ನಮಸ್ಕಾರ.