ಜಿಗಣೆ, ವ್ಯಾಂಪೈರು ಮತ್ತು ಮಳೆ ರಜೆಯ ಸಿನಿಮಾಗಳು

ಕೇಳುಗರೇ, ನಮಸ್ಕಾರ. ನಿಮ್ಮ ಮನೆಯಲ್ಲಿ ಕರೆಂಟ್ ಇದೆ ಅಂದುಕೊಂಡಿದ್ದೇನೆ. ಇಲ್ಲದಿದ್ದರೂ ಪರವಾಗಿಲ್ಲ, ರೇಡಿಯೋಗೆ ಎರಡು ಸೆಲ್ ಸಾಕು.

ಕೊಡಗಿನಲ್ಲಿ ಮಳೆ ರಜೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಂಜೆಯಿಂದಲೇ ಮಕ್ಕಳು ಫೋನ್ ಹಿಡಿದುಕೊಂಡು ಡಿಸಿ ಆದೇಶ ಬಂತಾ, ಬಂತಾ ಅಂತ ಕಾಯುತ್ತಾರೆ. ಈ ಸಲ ನಮಗೆ ಒಟ್ಟಿಗೆ ನಾಲ್ಕು ದಿನ ಸಿಕ್ಕಿತು. ಮನೆಯಲ್ಲಿ ನಾನು, ಅತ್ತೆ, ಮೂರನೇ ಕ್ಲಾಸಿನ ನನ್ನ ಮಗ, ಪಿಯುಸಿ ಓದುವ ಭಾವನ ಮಗಳು. ನೋಡಲು ಒಂದೇ ಲ್ಯಾಪ್‌ಟಾಪ್, ಅದೂ ಇನ್ವರ್ಟರ್ ಉಸಿರು ಹಿಡಿದಿರುವಷ್ಟು ಹೊತ್ತು. ಮಗನಿಗೆ ಕಾರ್ಟೂನ್ ಬೇಕು. ಹುಡುಗಿಗೆ ವ್ಯಾಂಪೈರ್ ಪ್ರೇಮಕಥೆ ಬೇಕು. ಕೊನೆಗೆ ಬೆಳಿಗ್ಗೆ ಅವನದು, ಸಂಜೆ ಅವಳದು ಅಂತ ಪಾಲು ಮಾಡಿದೆ. ತೋಟ ಪಾಲು ಮಾಡಿದಾಗಲೂ ನಮ್ಮ ಮನೆಯಲ್ಲಿ ಇಷ್ಟು ಗಲಾಟೆ ಆಗಿರಲಿಲ್ಲ.

ಮೊದಲು ವ್ಯಾಂಪೈರ್‌ಗಳ ವಿಷಯ ಮುಗಿಸುತ್ತೇನೆ. ಟ್ವಿಲೈಟ್ ಮೊದಲನೇ ಭಾಗ ಬಂದದ್ದು 2008ರಲ್ಲಿ. 2012ರ ಹೊತ್ತಿಗೆ ಐದು ಸಿನಿಮಾ ಆಗಿ ಮುಗಿದೂ ಹೋಯಿತು. ಮೊದಲನೆಯದು ಬಂದಾಗ ಈ ಹುಡುಗಿ ಹುಟ್ಟಿಯೂ ಇರಲಿಲ್ಲ. ಈಗ ನೋಡಿದರೆ ಅವಳ ಕ್ಲಾಸಿನವರಿಗೆಲ್ಲ ಅದೇ ಹೊಸದು, ಅದೇ ಮಾತು.

ಬೆಲ್ಲಾ ಅನ್ನುವ ಹುಡುಗಿ ಅಪ್ಪನ ಜೊತೆ ಇರಲು ಫೋರ್ಕ್ಸ್ ಅನ್ನುವ ಊರಿಗೆ ಬರುತ್ತಾಳೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಿಜವಾಗಿಯೂ ಇರುವ ಊರು ಅದು, ವರ್ಷಕ್ಕೆ ಸುಮಾರು 120 ಇಂಚು ಮಳೆ. ಹೆಚ್ಚುಕಮ್ಮಿ ಮಡಿಕೇರಿ ಲೆಕ್ಕವೇ ಅಲ್ವಾ? ಭಾಗಮಂಡಲದವರು ಇಷ್ಟೇನಾ ಅಂತ ನಗಬಹುದು. ಆ ಊರಿನಲ್ಲಿ ವ್ಯಾಂಪೈರ್‌ಗಳು ಇರುವುದೇ ಮಳೆಯ ದೆಸೆಯಿಂದ. ಬಿಸಿಲು ಬಿದ್ದರೆ ಅವರ ಮೈ ವಜ್ರದ ಹಾಗೆ ಮಿನುಗಿ ಗುಟ್ಟು ರಟ್ಟಾಗುತ್ತದೆ, ಮೋಡ ಮುಚ್ಚಿದ್ದರೆ ಆರಾಮಾಗಿ ಹೈಸ್ಕೂಲಿಗೂ ಹೋಗಬಹುದು. ಹಾಗಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಇಡೀ ಕುಟುಂಬ ಗಾಳಿಬೀಡು ಕಡೆ ಒಂದು ಹೋಮ್‌ಸ್ಟೇ ಹಿಡಿದು ಇರಬಹುದಿತ್ತು, ಯಾರಿಗೂ ಒಂದು ಚೂರು ಅನುಮಾನ ಬರುತ್ತಿರಲಿಲ್ಲ, ಬಟ್ಟೆ ಒಣಗುವುದಿಲ್ಲ ಅನ್ನುವುದು ಬಿಟ್ಟರೆ ಬೇರೆ ತೊಂದರೆಯೂ ಇರಲಿಲ್ಲ.

ನನಗೆ ಅದರಲ್ಲಿ ನಿಜಕ್ಕೂ ಇಷ್ಟವಾದದ್ದು ಮಂಜು, ಪಾಚಿ ಹಿಡಿದ ಮರ, ಒದ್ದೆ ರಸ್ತೆ. ಇನ್ನೊಂದು, ಗುಡುಗಿನ ಆಟ. ಅವರು ಚೆಂಡು ಹೊಡೆದರೆ ಸದ್ದು ಊರಿಗೆಲ್ಲ ಕೇಳುತ್ತದೆ, ಅದಕ್ಕೇ ಗುಡುಗು ಬಂದಾಗ ಮಾತ್ರ ಬೇಸ್‌ಬಾಲ್ ಆಡುತ್ತಾರೆ. ಆ ದೃಶ್ಯ ನೋಡಿ ನನ್ನ ಮಗ ಕೇಳಿದ, "ಇವರ ಕುಟುಂಬ ನಮ್ಮ ಹಾಕಿ ಹಬ್ಬಕ್ಕೆ ಟೀಮ್ ಹಾಕಿದರೆ?" 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿ ಶುರು ಮಾಡಿದಾಗ ಇಂಥ ಕುಟುಂಬವೂ ಬರಬಹುದು ಅಂತ ಯೋಚಿಸಿರಲಿಕ್ಕಿಲ್ಲ. ಅತ್ತೆಗೆ ಇನ್ನೊಂದು ವಿಷಯಕ್ಕೆ ಸಿಟ್ಟು. ಮನುಷ್ಯರ ರಕ್ತ ಬಿಟ್ಟು ಬರೀ ಕಾಡುಪ್ರಾಣಿಗಳ ರಕ್ತ ಕುಡಿಯುತ್ತಾರಲ್ಲ, ಅದಕ್ಕೆ ತಮಾಷೆಗೆ ತಮ್ಮನ್ನು ಸಸ್ಯಾಹಾರಿ ಅಂತ ಕರೆದುಕೊಳ್ಳುತ್ತಾರೆ. "ಹಾಗಾದರೆ ಪಂದಿಕರಿ ತಿನ್ನುವ ನಾವೂ ಸಸ್ಯಾಹಾರಿಗಳೇ" ಅಂತ ಹೇಳಿ ಎದ್ದು ಒಳಗೆ ಹೋದರು.

ಪ್ರೇಮಕಥೆಯ ಬಗ್ಗೆ ಹೇಳಬೇಕೆಂದರೆ, ನನಗೆ ಕಿರಿಕಿರಿ ಆಯಿತು. ಬೆಲ್ಲಾ ಪ್ರೀತಿಸುವ ವ್ಯಾಂಪೈರ್ ಎಡ್ವರ್ಡ್ ನೋಡಲು ಹದಿನೇಳು, ಆದರೆ ಹುಟ್ಟಿದ್ದು 1901ರಲ್ಲಿ. ನೂರು ದಾಟಿದವನು ಮತ್ತೆ ಮತ್ತೆ ಹೈಸ್ಕೂಲಿಗೆ ಹೋಗುತ್ತಾನೆ ಅಂದರೆ ಏನು ಹೇಳುವುದು? ಹುಡುಗಿ ಮಲಗಿದ ಮೇಲೆ ಕೋಣೆಗೆ ಬಂದು ಸುಮ್ನೆ ನೋಡುತ್ತಾ ನಿಲ್ಲುತ್ತಾನೆ. ನಮ್ಮಲ್ಲಾದರೆ ನಾಯಿ ಬೊಗಳುತ್ತಿತ್ತು, ಮಾವ ಟಾರ್ಚ್ ಹಿಡಿದುಕೊಂಡು ಬರುತ್ತಿದ್ದರು. ನಾನು ಹೀಗೆ ಅಂದದ್ದಕ್ಕೆ, "ಚಿಕ್ಕಮ್ಮ, ಅದು ಪ್ರೀತಿ" ಅಂದಳು ಹುಡುಗಿ. ನಾನು ಅವಳಿಗೆ ಜಿಗಣೆ ವಿಷಯ ಹೇಳಿದೆ. ರಕ್ತ ಹೀರುವವರ ಬಗ್ಗೆ ನಮಗೆ ಹೊರಗಿನವರು ಪಾಠ ಮಾಡಬೇಕಾಗಿಲ್ಲ, ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಸಾಕು. ಜಿಗಣೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಒಂದು ವಸ್ತು ಇದೆ, ಹೊಟ್ಟೆ ತುಂಬಿ ಉದುರಿ ಹೋದ ಮೇಲೂ ನಮ್ಮ ಕಾಲಿನಿಂದ ರಕ್ತ ಹರಿಯುತ್ತಲೇ ಇರುತ್ತದೆ. ನೋವಿಲ್ಲದೆ ಅಂಟಿಕೊಳ್ಳುವವರ ಹತ್ತಿರ ಸ್ವಲ್ಪ ಉಪ್ಪು ಇಟ್ಟುಕೊಂಡಿರು ಮಗಳೇ, ಅಂದೆ. ಅವಳು ಎರಡು ಗಂಟೆ ಮಾತಾಡಲಿಲ್ಲ.

ಸಮಾಧಾನ ಮಾಡಲು ಮಾರನೇ ದಿನ ಥಾಮಾ ನೋಡಿದೆವು. 2025ರ ದೀಪಾವಳಿಗೆ ಬಂದ ಹಿಂದಿ ಸಿನಿಮಾ. ನಮ್ಮ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅದರಲ್ಲಿ ಬೇತಾಳ ಆಗಿದ್ದಾರೆ. ಇಲ್ಲಿ ಗಂಡು ಮನುಷ್ಯ, ಹೆಣ್ಣು ಬೇತಾಳ, ಅಷ್ಟು ಬದಲಾವಣೆಯೇ ನನಗೆ ಖುಷಿ ಕೊಟ್ಟಿತು. ನಾವು ಸಣ್ಣವರಿದ್ದಾಗ ಚಂದಮಾಮದ ಬೇತಾಳ ವಿಕ್ರಮನ ಹೆಗಲ ಮೇಲೆ ಕೂತು ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಿತ್ತು. ಈಗಿನ ಬೇತಾಳಗಳು ಹಾಡಿಗೆ ಕುಣಿಯುತ್ತವೆ. ಊರಿನ ಹುಡುಗಿ ಅಂತ ಪೂರ್ತಿ ನೋಡಿದೆ, ಬೇರೆ ಏನೂ ಹೇಳುವುದಿಲ್ಲ.

ಇನ್ನು ಬೆಳಗಿನ ಪಾಳಿ. ಕಾರ್ಟೂನ್ ಹಾಕಿಕೊಟ್ಟು ಅಡುಗೆ ಮಾಡೋಣ ಅಂದುಕೊಂಡಿದ್ದೆ. ಮೊದಲ ದಿನವೇ ಅನ್ನ ಸೀದು ಹೋಯಿತು.

ಅದು ಅಪ್ ಅನ್ನುವ ಸಿನಿಮಾ, 2009ರದ್ದು. ಬಲೂನು ಕಟ್ಟಿದ ಮನೆ ಹಾರುವ ಚಿತ್ರ ನೀವೂ ನೋಡಿರುತ್ತೀರಿ. ಶುರುವಿನಲ್ಲಿ ಮಾತೇ ಇಲ್ಲದ ನಾಲ್ಕು ನಿಮಿಷ ಇದೆ. ಕಾರ್ಲ್ ಅನ್ನುವವನು, ಎಲ್ಲೀ ಅನ್ನುವವಳು, ಇಬ್ಬರೂ ಮದುವೆಯಾಗಿ ದೂರದ ಜಲಪಾತ ನೋಡಬೇಕು ಅಂತ ಒಂದು ಜಾಡಿಗೆ ಚಿಲ್ಲರೆ ಹಾಕುತ್ತಾರೆ. ಕಾರಿನ ಟಯರ್ ಹೋಗುತ್ತದೆ, ಜಾಡಿ ಒಡೆಯುತ್ತಾರೆ. ಕಾಲು ಮುರಿಯುತ್ತದೆ, ಮತ್ತೆ ಒಡೆಯುತ್ತಾರೆ. ಕಾಫಿ ಮಾರಿದ ದುಡ್ಡಲ್ಲಿ ಈ ವರ್ಷ ಎಲ್ಲಾದರೂ ಹೋಗೋಣ ಅಂತ ಪ್ರತಿ ಜನವರಿಯಲ್ಲಿ ಹೇಳಿ, ಆಮೇಲೆ ಪಂಪ್‌ಸೆಟ್ ಸುಟ್ಟು, ಗೊಬ್ಬರದ ಸಾಲ ಬಂದು, ಮುಂದಿನ ವರ್ಷ ನೋಡೋಣ ಅಂತ ಸುಮ್ಮನಾಗುವ ಮನೆಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾ? ಹೆಂಡತಿ ಎಲ್ಲೀ ಜಲಪಾತ ನೋಡದೆಯೇ ತೀರಿಕೊಳ್ಳುತ್ತಾಳೆ. ನಾನು ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ಆಗ ನನಗೆ ಒಂದು ವಿಷಯ ಹೊಳೆಯಿತು. ಸಂಜೆ ನೋಡುವ ದೊಡ್ಡವರ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ, ಮುದುಕರೂ ಆಗುವುದಿಲ್ಲ, ಹೆಚ್ಚೆಂದರೆ ಕಾಡಿನಲ್ಲಿ ನಿಂತು ನಿಟ್ಟುಸಿರು ಬಿಡುತ್ತಾರೆ. ಸಾವಿನ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತಿರುವುದು ಈ ಮಕ್ಕಳ ಸಿನಿಮಾಗಳೇ.

2017ರ ಕೋಕೋ ತೆಗೆದುಕೊಳ್ಳಿ. ಮೆಕ್ಸಿಕೋದಲ್ಲಿ ಸತ್ತ ಹಿರಿಯರ ಹಬ್ಬದ ದಿನ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಡುತ್ತಾರೆ. ಫೋಟೋ ಇಟ್ಟವರು ಮಾತ್ರ ಅವತ್ತು ಮನೆಗೆ ಬರಬಹುದು. ಬದುಕಿರುವವರೆಲ್ಲ ಮರೆತರೆ ಸತ್ತವರು ಇನ್ನೊಂದು ಸಲ ಸಾಯುತ್ತಾರೆ. ಅಡ್ಡಾಡುತ್ತಾ ಇದ್ದ ಅತ್ತೆ ಇದನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ, ಬೇಕಾಗಲೂ ಇಲ್ಲ. "ಇದು ನಮ್ಮ ಗುರುಕಾರೋಣ ಅಲ್ವಾ?" ಅಂದರು. ಹೌದಲ್ಲ, ಗುರುಕಾರೋಣ ಅಂದರೆ ನಮ್ಮ ಕುಲದ ಹಿರಿಯರೇ. ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಬಾಳೆಎಲೆ ಹಾಕಿ ಹಿರಿಯರಿಗೆ ಎಡೆ ಇಡುತ್ತೇವೆ, ಕೋಳಿ, ಪಂದಿ, ಒಂದು ಲೋಟ ಬ್ರಾಂದಿ, ಹಿರಿಯರ ಗುಡಿಯಾದ ಕೈಮಡದಲ್ಲಿ ದೀಪ ಹಚ್ಚುತ್ತೇವೆ. ಅಲ್ಲಿ ಚೆಂಡುಹೂವಿನ ಎಸಳು ದಾರಿ ತೋರಿಸುತ್ತದೆ, ಇಲ್ಲಿ ದೀಪ. ಕೊನೆಗೆ ಆ ಮುದುಕಿ ಕೋಕೋ, ಎಲ್ಲಾ ಮರೆತು ಕೂತವಳು, ಮರಿಮಗನ ಹಾಡಿಗೆ ತುಟಿ ಅಲ್ಲಾಡಿಸಿದಾಗ ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಹೊಗೆ ಜಾಸ್ತಿ ಅಂತ ಕಾರಣ ಹೇಳಿದರು. ಒಲೆ ಆರಿಸಿ ಒಂದು ಗಂಟೆ ಆಗಿತ್ತು.

ಮಹಾವತಾರ್ ನರಸಿಂಹ ಕನ್ನಡದಲ್ಲೇ ಸಿಕ್ಕಿತು, ಅತ್ತೆಗೆ ಕೈಮುಗಿಯಲು ಸರಿಯಾಯಿತು, ನನಗೆ ಮುಖಗಳೆಲ್ಲ ವಿಡಿಯೋ ಗೇಮ್ ಥರ ಕಂಡವು. ಕಂಬ ಒಡೆದ ಮೇಲೆ ಮಾತ್ರ ಚೆನ್ನಾಗಿದೆ.

ನಾಲ್ಕನೇ ದಿನ ಫ್ಲೋ. ಲಾಟ್ವಿಯಾ ದೇಶದ ಸಿನಿಮಾ, ಬ್ಲೆಂಡರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, 2025ರಲ್ಲಿ ಆಸ್ಕರ್ ಬಂತು. ಒಂದು ಮಾತೂ ಇಲ್ಲ. ನೀರು ಏರುತ್ತದೆ, ಒಂದು ಬೆಕ್ಕು ದೋಣಿ ಹತ್ತುತ್ತದೆ, ಆಮೇಲೆ ಒಂದು ನಾಯಿ, ಇನ್ನೂ ಯಾವ್ಯಾವುದೋ ಪ್ರಾಣಿಗಳು. ಹೊರಗೆ ಮಳೆ ಹೊಡೆಯುತ್ತಿತ್ತು, ಒಳಗೆ ಲ್ಯಾಪ್‌ಟಾಪ್‌ನಲ್ಲೂ ನೀರು. ಯಾರೂ ಮಾತಾಡಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆಗಳಲ್ಲಿ ಗುಡ್ಡ ಜಾರಿದಾಗ ನಾವೂ ಮನೆ ಬಿಟ್ಟು ಹೊರಟವರು. ಹಸುವಿನ ಹಗ್ಗ ಬಿಚ್ಚಿದೆವು, ನಾಯಿ ರಾಜನ ಚೈನ್ ಬಿಚ್ಚಿದೆವು, ಜೀಪಿನಲ್ಲಿ ಜಾಗ ಇರಲಿಲ್ಲ. ಹನ್ನೆರಡು ದಿನ ಆದ ಮೇಲೆ ವಾಪಸ್ ಬಂದರೆ ರಾಜ ಎಲುಬು ಕಾಣುವಷ್ಟು ಸಣ್ಣಗಾಗಿ ಅದೇ ಮೆಟ್ಟಿಲ ಮೇಲೆ ಮಲಗಿತ್ತು. ಕಳೆದ ವರ್ಷ ವಯಸ್ಸಾಗಿ ಸತ್ತಿತು.

ಸಿನಿಮಾ ಮುಗಿದ ಮೇಲೆ ಮಗ ಅತ್ತೆಯನ್ನು ಕೇಳಿದ, "ಅಜ್ಜಿ, ಕಾರೋಣರಿಗೆ ಎಡೆ ಇಡುವಾಗ ರಾಜನಿಗೂ ಇಡಬಹುದಾ?"

ಸಂಪ್ರದಾಯದಲ್ಲಿ ಇಲ್ಲ ಅಂತ ಅತ್ತೆ ಖಡಾಖಂಡಿತ ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು, ಎಲೆ ಎತ್ತಿದ ಮೇಲೆ ಮೆಟ್ಟಿಲ ಹತ್ತಿರ ಒಂದು ಮೂಳೆ ಇಟ್ಟರೆ ಯಾರು ಬೇಡ ಅನ್ನುತ್ತಾರೆ ಅಂದರು. ಕೋಳಿಯದಾ, ಪಂದಿಯದಾ ಅಂತ ಈಗ ಅಜ್ಜಿ ಮೊಮ್ಮಗನ ಮಧ್ಯೆ ಚರ್ಚೆ ನಡೆಯುತ್ತಿದೆ. ನಮಸ್ಕಾರ.