ಬೆಕ್ಕಿಗೆ ಹಾಲನ್ನ ಸಾಲದು

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ನಾಯಿ, ಬೆಕ್ಕು ಸಾಕಿರುವವರಿಗೆ ಇವತ್ತು ಮುಖ್ಯವಾಗಿ ಒಂದೇ ಮಾತು ಹೇಳಬೇಕು. ಬೆಕ್ಕಿಗೆ ಹಾಲನ್ನ ಸಾಲದು. ಅದಕ್ಕೆ ಮಾಂಸವೋ ಮೀನೋ ಬೇಕೇ ಬೇಕು.

"ನಮ್ಮಜ್ಜಿ ಕಾಲದಿಂದ ಹಾಲನ್ನವನ್ನೇ ಹಾಕ್ತಿದ್ದೀವಲ್ಲ, ಬೆಕ್ಕು ಚೆನ್ನಾಗೇ ಇರ್ತಿತ್ತಲ್ಲ" ಅಂತೀರಿ. ಇರ್ತಿತ್ತು. ಅಟ್ಟದ ಇಲಿ, ಹಿತ್ತಿಲ ಓತಿಕೇತ, ತನಗೆ ಬೇಕಾದ್ದನ್ನು ಅದು ರಾತ್ರಿ ತಾನೇ ಹಿಡಿದು ತಿಂತಿತ್ತು. ಈಗ ತಾರಸಿ ಮನೆ, ಕಿಟಕಿಗೆಲ್ಲ ಜಾಲರಿ. ಇಲಿ ಎಲ್ಲಿಂದ ಬರಬೇಕು?

ಬೇಲೂರಿನ ಕಡೆಯ ಒಬ್ಬ ಅಜ್ಜಿ ತರಕಾರಿ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟು, ಮೇಲೆ ಟವೆಲ್ ಕಟ್ಟಿ, ಮೊಮ್ಮಗನ ಜೊತೆ ನನ್ನಲ್ಲಿಗೆ ಬಂದಿದ್ದರು. ಸಸ್ಯಾಹಾರಿಗಳ ಮನೆ. ಬೀದಿನಾಯಿ ಕಾಟಕ್ಕೆ ಬೆಕ್ಕನ್ನು ಹೊರಗೇ ಬಿಟ್ಟವರಲ್ಲ. ಬೆಳಿಗ್ಗೆ ಹಾಲನ್ನ, ಮಧ್ಯಾಹ್ನ ಮೊಸರನ್ನ, ಮೇಲೊಂದು ಹನಿ ತುಪ್ಪ. "ಡಾಕ್ಟ್ರೇ, ಹೊಸ್ತಿಲು ಎಡವುತ್ತೆ, ಕುರ್ಚಿಗೆ ಹಾರಕ್ಕೆ ಹೋಗಿ ಬೀಳುತ್ತೆ" ಅಂದರು. ಹೊರಗೆ ಚುರುಗುಟ್ಟುವ ಬಿಸಿಲು, ಬಾಗಿಲು ತೆರೆದೇ ಇದೆ. ಅಷ್ಟು ಬೆಳಕಿನಲ್ಲೂ ಅದರ ಕಣ್ಣಿನ ಪಾಪೆ ಅಗಲವಾಗಿ, ಕಪ್ಪಗೆ. ಟಾರ್ಚ್ ಬಿಟ್ಟೆ. ಗೆರೆಯಷ್ಟು ಕಿರಿದಾಗಬೇಕಿದ್ದ ಪಾಪೆ ಹಾಗೇ ಇತ್ತು. ಎದೆಬಡಿತವೂ ಸರಿಯಿರಲಿಲ್ಲ.

ಟಾರಿನ್ ಅನ್ನೋ ಒಂದು ಪೋಷಕಾಂಶ ಇದೆ. ನಾಯಿಯ ಮೈ ಅದನ್ನು ತಾನೇ ತಯಾರಿಸಿಕೊಳ್ಳುತ್ತೆ. ಬೆಕ್ಕಿನ ಮೈಗೆ ಸಾಲುವಷ್ಟು ತಯಾರಿಸಿಕೊಳ್ಳಲು ಆಗಲ್ಲ, ತಿನ್ನೋ ಮಾಂಸದಿಂದಲೇ ಬರಬೇಕು. ಅನ್ನದಲ್ಲಿಲ್ಲ, ಬೇಳೆಯಲ್ಲಿಲ್ಲ, ಹಸುವಿನ ಹಾಲಿನಲ್ಲಿರುವುದು ಯಾತಕ್ಕೂ ಸಾಲದು. ಟಾರಿನ್ ಇಲ್ಲದಿದ್ದರೆ ಬೆಕ್ಕು ಕುರುಡಾಗುತ್ತೆ ಅಂತ 1975ರಲ್ಲೇ ಗೊತ್ತಾಯಿತು. ಹೃದಯ ಹಿಗ್ಗಿ ಸೋಲುವುದೂ ಇದರಿಂದಲೇ, ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತೆ ಅಂತ 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿಕೊಟ್ಟರು. ಇಷ್ಟು ವರ್ಷವಾದರೂ ನಾನು ಇದನ್ನು ಮನೆಮನೆಗೆ ಹೇಳುತ್ತಲೇ ಇದ್ದೇನೆ!

ಅಜ್ಜಿ ಕಣ್ಣೊರೆಸಿಕೊಂಡು "ನಮ್ಮ ಅಡುಗೆಮನೇಲಿ ಮೀನು ಹೇಗಪ್ಪಾ ಬೇಯಿಸಲಿ" ಅಂದರು. ಬೇಯಿಸಬೇಡಿ ಅಮ್ಮಾ, ಬೆಕ್ಕಿಗೆಂದೇ ಮಾಡಿದ ಒಣ ಆಹಾರದ ಪೊಟ್ಟಣ ಅಂಗಡೀಲಿ ಸಿಗುತ್ತೆ, ಹಿಂದೆ ಟಾರಿನ್ ಅಂತ ಬರೆದಿರಬೇಕು, ಹಿತ್ತಿಲ ಜಗಲಿ ಮೇಲೆ ಒಂದು ತಟ್ಟೆ ಇಡಿ ಅಂದೆ. ಮಾತ್ರೆಯನ್ನೂ ಬರೆದುಕೊಟ್ಟೆ. ಬೆಕ್ಕಿನ ಹೃದಯ ಸುಧಾರಿಸಿತು. ಹೋದ ಕಣ್ಣು ಬರಲಿಲ್ಲ. ಅದು ಬರುವುದಿಲ್ಲ, ಅದಕ್ಕೇ ಮೊದಲೇ ಹೇಳುತ್ತಿರುವುದು.

ಮಾಂಸ ತಿನ್ನುವ ಮನೆಯವರಿಗೆ ಇದು ಸುಲಭ. ಕೋಳಿಯ ಹೃದಯ, ಈಲಿ (ಲಿವರ್) ಅಥವಾ ಮುಳ್ಳು ತೆಗೆದ ಭೂತಾಯಿ ಮೀನು, ಉಪ್ಪು ಖಾರ ಹಾಕದೆ ಬೇಯಿಸಿ. ಬೆಂದ ನೀರನ್ನು ಚೆಲ್ಲಬೇಡಿ, ಟಾರಿನ್ ಅದರೊಳಗೆ ಇಳಿದಿರುತ್ತೆ. ನಾಯಿಗೆ ತಂದ ಚೀಲದಿಂದಲೇ ಬೆಕ್ಕಿಗೂ ಒಂದು ಹಿಡಿ ಹಾಕುವುದು ಬೇಡ. ಅದು ನಾಯಿಯ ಲೆಕ್ಕಕ್ಕೆ ಮಾಡಿದ್ದು.

ನಾಯಿಯ ವಿಷಯಕ್ಕೆ ಸಮಯ ಕಮ್ಮಿ ಉಳಿದಿದೆ. ನಾಯಿಗೆ ಮುದ್ದೆ, ಅನ್ನ ಅರಗುತ್ತೆ, ಜೊತೆಗೆ ಬೆಂದ ಮೊಟ್ಟೆಯೋ ಕೋಳಿಯೋ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ರಕ್ತಕಣ ಒಡೆಯುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತೆ. ದೊಡ್ಡ ಜಾತಿಯ ಮರಿಗೆ ಬರೀ ಮಾಂಸ ಹಾಕಿದರೆ ಸುಣ್ಣದಂಶ ಸಾಲದೆ ಕಾಲು ಸೊಟ್ಟಗಾಗುತ್ತೆ. ಮೂತ್ರಪಿಂಡದ ತೊಂದರೆಯಿರುವ ನಾಯಿಗೆ ರಂಜಕ ಕಮ್ಮಿಯಿರುವ ಆಹಾರವೇ ಬೇರೆ ಬರುತ್ತೆ, ವೈದ್ಯರನ್ನು ಕೇಳಿಯೇ ಕೊಡಿ.

ಆಹಾರ ಬದಲಿಸುವಾಗ ಒಂದೇ ದಿನಕ್ಕೆ ಬದಲಿಸಬೇಡಿ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ ತೆಗೆದುಕೊಳ್ಳಿ. ಒಣ ಆಹಾರ ತಿನ್ನುವ ಬೆಕ್ಕಿನ ಪಕ್ಕ ಯಾವಾಗಲೂ ನೀರಿರಲಿ. ಗಂಡು ಬೆಕ್ಕು ಪದೇಪದೇ ಕೂತು ತಿಣುಕುತ್ತಿದ್ದು ಮೂತ್ರ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಕರೆತನ್ನಿ. ನಮಸ್ಕಾರ.