ಮೊದಲು ಫೋಟೊ ನೋಡಿ, ಆಮೇಲೆ ಪುಸ್ತಕ ಆರಿಸಿ

ಕೇಳುಗರಿಗೆ ನಮಸ್ಕಾರ.

ಫೋಟೊ ತೆಗೆಯುವ ಹುಚ್ಚು ಹತ್ತಿದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: 'ಫೋಟೊಗ್ರಫಿ ಕಲಿಯೋಕೆ ಒಂದು ಒಳ್ಳೆ ಪುಸ್ತಕ ಹೇಳಿ.' ನಾನು ತಕ್ಷಣ ಹೆಸರು ಹೇಳುವುದಿಲ್ಲ. ನೀವು ಈಚೆಗೆ ತೆಗೆದ ಫೋಟೊಗಳನ್ನು ಸಾಲಾಗಿಟ್ಟು ನೋಡಿ ಅನ್ನುತ್ತೇನೆ. ಓಡುವ ಮಗು ಕದಡಿದಂತೆ ಬಂದಿದೆಯೇ? ಮುಖ ಕಪ್ಪಾಗಿ, ಹಿಂದಿನ ಆಕಾಶ ಬೆಳ್ಳಗೆ ಸುಟ್ಟುಹೋಗಿದೆಯೇ? ಹಾಗಿದ್ದರೆ ಎಕ್ಸ್‌ಪೋಷರ್ ಬಗ್ಗೆ, ಅಂದರೆ ಕ್ಯಾಮೆರಾದೊಳಗೆ ಎಷ್ಟು ಬೆಳಕನ್ನು ಎಷ್ಟು ಹೊತ್ತು ಬಿಡಬೇಕು ಅನ್ನುವುದರ ಬಗ್ಗೆ ಬರೆದ ಪುಸ್ತಕ ಬೇಕು. ಎಲ್ಲವೂ ಸ್ಪಷ್ಟವಾಗಿದೆ, ಬೆಳಕೂ ಸರಿಯಾಗಿದೆ, ಆದರೂ ಫೋಟೊ ಸಪ್ಪೆ ಅನ್ನಿಸುತ್ತದೆಯೇ? ಆಗ ಎಕ್ಸ್‌ಪೋಷರ್ ಮೇಲೆ ಇನ್ನೂ ನಾಲ್ಕು ಪುಸ್ತಕ ಓದಿದರೂ ಉಪಯೋಗವಿಲ್ಲ. ಫ್ರೇಮಿನೊಳಗೆ ಏನಿರಬೇಕು, ಏನನ್ನು ಹೊರಗೆ ಬಿಡಬೇಕು ಅನ್ನುವುದನ್ನು ಹೇಳಿಕೊಡುವ ಪುಸ್ತಕ ಹುಡುಕಿ.

ತುಂಬಾ ಜನ ಮೊದಲು ಕೊಳ್ಳುವುದು ತಮ್ಮ ಕ್ಯಾಮೆರಾ ಮಾಡೆಲ್‌ನ ಹೆಸರಿರುವ ಪುಸ್ತಕವನ್ನು. ಅದರ ಅಗತ್ಯ ಅಷ್ಟಿಲ್ಲ. ಯಾವ ಬಟನ್ ಎಲ್ಲಿದೆ ಎಂದು ತಿಳಿಯಲು ಕ್ಯಾಮೆರಾದ ಜೊತೆ ಬರುವ ಕೈಪಿಡಿ ಸಾಕು. ಕ್ಯಾಮೆರಾ ಬದಲಾದ ದಿನ ಆ ಪುಸ್ತಕ ಮೂಲೆ ಸೇರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಪುಸ್ತಕಗಳ ಪಾಡೂ ಅಷ್ಟೇ.

ಬೆಳಕಿನ ಬಗ್ಗೆ ಬರೆದ ಪುಸ್ತಕ ಹಾಗೆ ಹಳತಾಗುವುದಿಲ್ಲ. ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಅವರ 'ದಿ ಕ್ಯಾಮೆರಾ', 'ದಿ ನೆಗೆಟಿವ್', 'ದಿ ಪ್ರಿಂಟ್' ಎಂಬ ಮೂರು ಪುಸ್ತಕಗಳು 1980ರಿಂದ 1983ರ ನಡುವೆ ಬಂದವು. ಪೂರ್ತಿ ಫಿಲ್ಮ್ ಕಾಲದ ಪುಸ್ತಕಗಳು. ಫಿಲ್ಮ್ ತೊಳೆಯುವ ರಾಸಾಯನಿಕಗಳ ಪುಟಗಳನ್ನು ಇವತ್ತು ನೀವು ಹಾರಿಸಿಬಿಡಬಹುದು. ಆದರೆ ಅವರು ವಿವರಿಸುವ ಝೋನ್ ಸಿಸ್ಟಮ್ ಇದೆಯಲ್ಲ, ಅದನ್ನು ನಿಧಾನವಾಗಿ ಓದಿ. ಕಡುಗಪ್ಪಿನಿಂದ ಅಚ್ಚ ಬಿಳುಪಿನವರೆಗೆ, ಸೊನ್ನೆಯಿಂದ ಹತ್ತರವರೆಗೆ, ಒಟ್ಟು 11 ಹಂತ. ನಟ್ಟನಡುವಿನ ಐದನೆಯದು ಬೂದು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಸಾಮಾನ್ಯವಾಗಿ ತನ್ನೆದುರು ಏನಿದ್ದರೂ ಅದನ್ನು ಈ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮಿನ ತುಂಬ ಬಿಳಿ ಗೋಡೆ ಇಟ್ಟು ಒಂದು ಫೋಟೊ ತೆಗೆಯಿರಿ, ಗೋಡೆ ಮಂಕಾಗಿ ಬರುತ್ತದೆ. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡು ಪಟ್ಟು. ಒಂದೂವರೆ, ಎರಡು ಸ್ಟಾಪ್ ಬೆಳಕು ಜಾಸ್ತಿ ಕೊಟ್ಟರೆ ಅದು ಮತ್ತೆ ಬಿಳಿಯಾಗುತ್ತದೆ. ಮೊಬೈಲ್‌ನಲ್ಲೂ ಇದನ್ನು ಮಾಡಿ ನೋಡಬಹುದು.

ಇನ್ನು ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಮುಖಪುಟ ಬಿಡಿ, ನಡುವಿನ ಯಾವುದಾದರೂ ಪುಟ ತೆರೆಯಿರಿ. ಫೋಟೊದ ಕೆಳಗೆ ಏನು ಬರೆದಿದ್ದಾರೆ ಓದಿ. ಬರೀ 'ಎಫ್ 8, ಸೆಕೆಂಡಿನ 125ನೇ ಒಂದು ಭಾಗ' ಎಂದಷ್ಟೇ ಇದ್ದರೆ ಮುಚ್ಚಿಡಿ. ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಸೆಕೆಂಡಿನ ಲೆಕ್ಕ ಬೆಳಕು ಒಳಗೆ ಬರುವ ಹೊತ್ತು. ಆ ಅಂಕಿಗಳು ಆ ಹೊತ್ತಿನ ಬೆಳಕಿಗೆ ಮಾತ್ರ ಸರಿ. ಅದು ಹಾರುವ ಹಕ್ಕಿಯ ಫೋಟೊ ಅಂದುಕೊಳ್ಳಿ. ಅದೇ ಜಾಗದಲ್ಲಿ ಎಫ್ 4 ಇಟ್ಟು 500ನೇ ಒಂದು ಭಾಗದಲ್ಲಿ ತೆಗೆದಿದ್ದರೂ ಒಳಗೆ ಬರುವ ಬೆಳಕು ಅಷ್ಟೇ. ಆದರೆ ಆಗ ಹಕ್ಕಿಯ ರೆಕ್ಕೆ ಇನ್ನೂ ಚೂಪಾಗಿ ಬರುತ್ತಿತ್ತು, ಹಿಂದಿನ ಮರಗಳು ಮಬ್ಬಾಗುತ್ತಿದ್ದವು. ಎರಡರಲ್ಲಿ ಇದನ್ನೇ ಯಾಕೆ ಆರಿಸಿಕೊಂಡೆ ಎಂದು ಹೇಳುವ ಲೇಖಕರು ಸಿಕ್ಕರೆ ಬಿಡಬೇಡಿ.

ಪಾಠ ಹೇಳುವ ಪುಸ್ತಕ ಒಂದೆರಡು ಸಾಕು. ಅದಾದ ಮೇಲೆ ಬರೀ ಫೋಟೊಗಳೇ ಇರುವ ಪುಸ್ತಕಗಳಿಗೆ ಬನ್ನಿ. ನನ್ನ ಪ್ರಕಾರ ನಿಜವಾದ ಕಲಿಕೆ ಆಗುವುದೇ ಅಲ್ಲಿ. ಫೋಟೊಗ್ರಾಫರ್ ರಾಬರ್ಟ್ ಫ್ರ್ಯಾಂಕ್ ಅವರ 'ದಿ ಅಮೆರಿಕನ್ಸ್' ನೋಡಿ. 1958ರಲ್ಲಿ ಫ್ರಾನ್ಸ್‌ನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂದ ಪುಸ್ತಕ. ಅವರು ತೆಗೆದದ್ದು ಸುಮಾರು 28,000 ಫೋಟೊ, ಪುಸ್ತಕಕ್ಕೆ ಇಟ್ಟುಕೊಂಡದ್ದು 83. ಒಂದೇ ಸಂಜೆಗೆ ನೂರಾರು ಫೋಟೊ ಹಂಚಿಕೊಳ್ಳುವ ನಮಗೆ ಈ ಲೆಕ್ಕ ಗೊತ್ತಿರಬೇಕು, ಅಲ್ವಾ? ಮ್ಯಾಗ್ನಮ್ ಎಂಬ ಫೋಟೊಗ್ರಾಫರ್‌ಗಳ ಸಂಸ್ಥೆಯವರ ಫೋಟೊಗಳಿರುವ, 2011ರಲ್ಲಿ ಬಂದ 'ಮ್ಯಾಗ್ನಮ್ ಕಾಂಟ್ಯಾಕ್ಟ್ ಶೀಟ್ಸ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೆಸರಾದ ಫೋಟೊದ ಹಿಂದೆ ಮುಂದೆ ಅದೇ ರೋಲಿನಲ್ಲಿ ತೆಗೆದ ಉಳಿದ ಫ್ರೇಮ್‌ಗಳನ್ನೂ ಅದು ತೋರಿಸುತ್ತದೆ. ಫೋಟೊಗ್ರಾಫರ್ ಎಲ್ಲಿಂದ ಶುರು ಮಾಡಿದರು, ಯಾವಾಗ ಹತ್ತಿರ ಹೋದರು, ಯಾವುದನ್ನು ಕೈಬಿಟ್ಟರು, ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಇಂಥ ಪುಸ್ತಕವನ್ನು ಸುಮ್ನೆ ತಿರುವಿಹಾಕಬೇಡಿ. ಒಂದು ಫೋಟೊದ ಮೇಲೆ ಹತ್ತು ನಿಮಿಷ ನಿಲ್ಲಿ. ನೆರಳು ಯಾವ ಕಡೆ ಬಿದ್ದಿದೆ? ಹಾಗಾದರೆ ಬೆಳಕು ಎಲ್ಲಿಂದ ಬಂತು? ನೆರಳಿನ ಅಂಚು ಗೆರೆ ಎಳೆದಂತಿದೆಯೇ, ಮೆತ್ತಗಿದೆಯೇ? ಕ್ಯಾಮೆರಾ ಎದೆಯ ಎತ್ತರದಲ್ಲಿತ್ತೇ, ಮೊಣಕಾಲಿನ ಹತ್ತಿರವಿತ್ತೇ? ಆಮೇಲೆ ಫ್ರೇಮಿನ ಒಂದು ಪಕ್ಕವನ್ನು ಕೈಯಿಂದ ಮುಚ್ಚಿ ನೋಡಿ. ಮೂಲೆಯಲ್ಲಿ ನಿಂತಿದ್ದ ಆ ಸಣ್ಣ ಆಕೃತಿ ಇಲ್ಲದಿದ್ದರೆ ಇಡೀ ಫೋಟೊ ಬಿದ್ದುಹೋಗುವುದು ಆಗ ಗೊತ್ತಾಗುತ್ತದೆ.

ಫೋಟೊ ಪುಸ್ತಕಗಳ ಬೆಲೆ ಜಾಸ್ತಿ, ನಿಜ. ಗ್ರಂಥಾಲಯದಲ್ಲಿ ಕೇಳಿ, ಹಳೆಯ ಪುಸ್ತಕದಂಗಡಿಗಳಲ್ಲೂ ಹುಡುಕಿ. ಕೊಳ್ಳುವ ಮುಂಚೆ ಕಪ್ಪು ಕೂದಲು ಅಥವಾ ಕಪ್ಪು ಕೋಟು ಇರುವ ಪುಟವನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳು, ಮಡಿಕೆಗಳು ಕಂಡರೆ ಮುದ್ರಣ ಚೆನ್ನಾಗಿದೆ. ಬರೀ ಶಾಯಿಯ ಮುದ್ದೆಯಂತೆ ಕಂಡರೆ ಬೇರೆ ಪ್ರತಿ ಹುಡುಕಿ.

ನಮಸ್ಕಾರ.